ಮಂಡ್ಯ ಇದೆ, ಮೈಸೂರು ಇಲ್ಲ

ಯಾರೂ ಓದದ ಪುಟಗಳನ್ನು ಬರೆಯುವುದು ನನ್ನ ಕಸುಬು. ಕವಿಯಲ್ಲ, ತಿಂಗಳ ಕೊನೆಗೆ ಸಂಬಳ ಬರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿ ನಾನು ಡಾಕ್ಯುಮೆಂಟೇಶನ್ ವಿಭಾಗ. ಆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಅಂತಲ್ಲ, ವಿಭಾಗ ಅಂದರೆ ನಾನೊಬ್ಬನೇ. ‘ತಕ್ಕಡಿಯನ್ನು ಸಮತಟ್ಟಾದ ಜಾಗದಲ್ಲಿ ಇಡಿ’ ಎಂದು ನಮ್ಮ ಸಹಾಯ ಪುಟಗಳಲ್ಲಿ ಹನ್ನೊಂದು ಕಡೆ ಬರೆದಿದ್ದೇನೆ. ಇವತ್ತಿಗೂ ಎಲ್ಲರೂ ಅಕ್ಕಿ ಮೂಟೆಯ ಮೇಲೇ ಇಡುತ್ತಾರೆ.

ಇಷ್ಟರ ನಡುವೆ ಒಂದೇ ಒಂದು ಪುಟಕ್ಕೆ ಓದುಗರಿದ್ದರು: ‘ನಿಮ್ಮ ಹತ್ತಿರದ ರಿಪೇರಿ ಕೇಂದ್ರ’. ಅದರಲ್ಲಿ ನನ್ನ ಬರವಣಿಗೆ ಏನೂ ಇರಲಿಲ್ಲ, ಬರೀ ಒಂದು ಟೇಬಲ್. ಓದುಗರು ಇದ್ದದ್ದು ಅದೇ ಕಾರಣಕ್ಕೆ ಇರಬಹುದು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು. ಮುದ್ರೆಯ ದಿನ ಹತ್ತಿರ ಬಂದಾಗಲೇ ‘ಅಯ್ಯೋ, ಇದು ಇಪ್ಪತ್ತು ಗ್ರಾಂ ಸುಳ್ಳು ಹೇಳ್ತಿದೆಯಲ್ಲ’ ಎಂಬುದು ಅಂಗಡಿಯವರಿಗೆ ಹೊಳೆಯುವುದು. ಇಷ್ಟು ದಿನ ಯಾರ ಪರವಾಗಿ ಸುಳ್ಳು ಹೇಳುತ್ತಿತ್ತು ಎಂದು ಕೇಳುವುದು ನನ್ನ ವಿಭಾಗದ ಕೆಲಸವಲ್ಲ.

ಆ ಟೇಬಲ್ಲಿನ ಮೂಲ ಒಂದು ಶೀಟು. ಅದರ ಯಜಮಾನರು ಮಾರಾಟ ವಿಭಾಗದ ಹಿರಿಯರೊಬ್ಬರು. ಬೀದರಿನಿಂದ ಚಾಮರಾಜನಗರದವರೆಗೆ ಬಸ್ಸಿನಲ್ಲೇ ತಿರುಗಿ, ಒಂದೊಂದು ಊರಿನಲ್ಲೂ ಒಬ್ಬ ರಿಪೇರಿಯವನನ್ನು ಹುಡುಕಿ, ಚಹಾ ಕುಡಿಸಿ, ಪಟ್ಟಿಗೆ ಸೇರಿಸಿದವರು. ನಾನೂರು ಚಿಲ್ಲರೆ ಸಾಲು. ಊರು, ಜಿಲ್ಲೆ, ಕೇಂದ್ರದ ಹೆಸರು, ವಿಳಾಸ, ಎಸ್‌ಟಿಡಿ ಕೋಡು, ಫೋನು, ‘ತೋರಿಸಬೇಕಾ?’ ಎಂಬ ಒಂದು ಕಾಲಮ್ಮು, ಕಟ್ಟಕಡೆಗೆ ‘ಟಿಪ್ಪಣಿ’.

ಕನ್ನಡ ಗದ್ಯ ಇನ್ನೂ ಬದುಕಿದೆಯೋ ಎಂದು ಅನುಮಾನ ಇರುವವರಿಗೆ ಆ ಟಿಪ್ಪಣಿ ಕಾಲಮ್ಮನ್ನು ತೋರಿಸಬೇಕು. ‘ಮೂರು ಸಲ ಹೋದೆ, ಮೂರು ಸಲವೂ ಮದುವೆಗೆ ಹೋಗಿದ್ದ.’ ‘ಅಣ್ಣ ಕೆಲಸ ಮಾಡ್ತಾನೆ, ತಮ್ಮ ದುಡ್ಡು ತಗೋತಾನೆ, ತಮ್ಮನ ಹತ್ರ ಮಾತಾಡಬೇಡಿ.’ ‘ಅಂಗಡಿ ಇದೆ. ತಕ್ಕಡಿ ಗೊತ್ತಿಲ್ಲ. ಮಿಕ್ಸಿ ಚೆನ್ನಾಗಿ ಮಾಡ್ತಾನೆ.’ ನಾನು ಹತ್ತು ವರ್ಷ ಬರೆದ ಸಹಾಯ ಪುಟಗಳಲ್ಲಿ ಇಷ್ಟು ಸತ್ಯ ಒಟ್ಟಿಗೆ ಬಂದಿಲ್ಲ.

ಮೊದಲೆಲ್ಲ ತಿಂಗಳಿಗೊಮ್ಮೆ ಶೀಟನ್ನು ನಕಲು ಮಾಡಿ, ಗ್ರಾಹಕರಿಗೆ ಬೇಡದ ಸಾಲುಗಳನ್ನು ಕೈಯಲ್ಲೇ ಅಳಿಸಿ, ಉಳಿದದ್ದನ್ನು ಪುಟಕ್ಕೆ ಅಂಟಿಸುತ್ತಿದ್ದೆ. ಅರ್ಧ ದಿನದ ಕೆಲಸ, ಜೊತೆಗೆ ಟಿಪ್ಪಣಿ ಓದುವ ಸುಖ. ಎಲ್ಲ ಸುಸೂತ್ರವಾಗಿತ್ತು. ಒಂದು ಸೋಮವಾರ ನಮ್ಮ ಮ್ಯಾನೇಜರು ಬಂದು, “ಇದನ್ನ ಆಟೋಮ್ಯಾಟಿಕ್ ಮಾಡಿ. ಶೀಟಿಂದ ಪುಟಕ್ಕೆ ತಾನಾಗೇ ಬರಬೇಕು. ಬರೋಕೆ ಮುಂಚೆ ಸ್ವಲ್ಪ ಫಿಲ್ಟರ್ ಮಾಡಿದ್ರೆ ಆಯ್ತು,” ಅಂದರು.

ನನ್ನ ಬದುಕಿನ ಬಹುಪಾಲು ಅನಾಹುತಗಳು ‘ಸ್ವಲ್ಪ’ ಎಂಬ ಪದದಿಂದಲೇ ಶುರುವಾಗಿರುವುದು.

ಆ ರಾತ್ರಿ ಮನೆಯಲ್ಲಿ ಭಾಷಣ ಮಾಡಿದೆ. ಪೈಥಾನ್ ಕಲಿಯುತ್ತೇನೆ, ಅದರಲ್ಲಿ ಪಾಂಡಾಸ್ ಅಂತ ಒಂದಿದೆ, ಅದು ಟೇಬಲ್ಲನ್ನು ಸೋಸಿ ಕೊಡುತ್ತದೆ, ಸೋಸಿದ್ದನ್ನು ಸ್ಫಿಂಕ್ಸ್ ಪುಟ ಮಾಡುತ್ತದೆ. “ಆಫೀಸಿಗೆ ಹೋಗ್ತಿದೀರೋ ಮೃಗಾಲಯಕ್ಕೋ?” ಎಂದಳು ಹೆಂಡತಿ. ಪೈಥಾನ್ ಎಂದರೆ ಹೆಬ್ಬಾವಲ್ಲ, ಬಿಬಿಸಿಯ ಹಳೆಯ ಹಾಸ್ಯ ಕಾರ್ಯಕ್ರಮವೊಂದರ ಹೆಸರಿನಿಂದ ಬಂದದ್ದು; ಪಾಂಡಾಸ್ ಎಂದರೆ ಕರಡಿಯಲ್ಲ, ‘ಪ್ಯಾನೆಲ್ ಡೇಟಾ’ ಎಂಬುದರ ಕುಗ್ಗಿದ ರೂಪ; ಸ್ಫಿಂಕ್ಸ್ 2008ರಲ್ಲಿ ಪೈಥಾನಿನ ಕೈಪಿಡಿಗೆಂದೇ ಹುಟ್ಟಿದ ಸಾಧನ ಎಂದು ವಿವರಿಸಿದೆ. ಗ್ರೀಕರ ಕಥೆಯಲ್ಲಿ ಸ್ಫಿಂಕ್ಸ್ ದಾರಿಹೋಕರಿಗೆ ಒಗಟು ಹಾಕಿ, ಬಿಡಿಸಲಾಗದವರನ್ನು ತಿಂದು ಹಾಕುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಅನುಭವಕ್ಕೆ ಬಂತು.

ಅಮ್ಮ ಪಕ್ಕದಲ್ಲಿ ಮೊರ ಹಿಡಿದು ಕೂತಿದ್ದಳು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಾಗುಣಿತ ಕಲಿಸಿ ನಿವೃತ್ತಳಾದವಳು. “ಸೋಸೋದು ಅಂದ್ಯಲ್ಲ, ಏನು ಸೋಸ್ತೀಯ?” ಅಂದಳು. “ಟೇಬಲ್ಲು.” “ಟೇಬಲ್ಲನ್ನ ಸೋಸಕ್ಕೆ ಅದೇನು ಕಾಫೀನ? ಬೇಳೆ ಆದ್ರೆ ಆರಿಸ್ತಾರೆ, ಅಕ್ಕಿ ಆದ್ರೆ ಕೇರ್ತಾರೆ, ಹಿಟ್ಟಾದ್ರೆ ಜರಡಿ ಹಿಡೀತಾರೆ, ರಾಗಿ ಆದ್ರೆ ತೂರ್ತಾರೆ, ಕಲ್ಲಿದ್ರೆ ಗಾಳಿಸ್ತಾರೆ, ಅನ್ನದ ಗಂಜಿ ಆದ್ರೆ ಬಸೀತಾರೆ. ಮೊದ್ಲು ಒಳಗೆ ಏನಿದೆ ನೋಡ್ಕೋ.” ಕಂಪ್ಯೂಟರ್ ಗೊತ್ತಿಲ್ಲದವರ ಮಾತು ಎಂದು ನಕ್ಕುಬಿಟ್ಟೆ.

ಸ್ಫಿಂಕ್ಸಿಗೆ ಟೇಬಲ್ ಫೈಲಿನ ಹೆಸರು ಕೊಟ್ಟರೆ ಅಷ್ಟನ್ನೂ ತಂದು ಪುಟಕ್ಕೆ ಸುರಿಯುತ್ತದೆ. ಶಿರೋನಾಮೆ ಯಾವ ಸಾಲು, ಕಾಲಮ್ಮು ಎಷ್ಟು ಅಗಲ ಎಂದೆಲ್ಲ ಕೇಳುತ್ತದೆ. ಯಾವ ಸಾಲು ಬೇಕು, ಯಾವುದು ಬೇಡ ಎಂದು ಕೇಳುವುದಿಲ್ಲ. ಅದಕ್ಕೆ ಬೇರೆಯವರು ಬರೆದ ಜೋಡಣೆಗಳಿವೆ, ಇಲ್ಲವೇ ನಾವೇ ಮುಂಚೆ ಸೋಸಿಟ್ಟುಕೊಳ್ಳಬೇಕು. ಬೇರೆಯವರು ಬರೆದದ್ದನ್ನು ಬಳಸಿದರೆ ನನ್ನ ಹೆಸರೆಲ್ಲಿ ಉಳಿಯುತ್ತದೆ? ನಾನೇ ಬರೆದೆ. ಮೂರು ದಿನ ಬೇಕಾಯಿತು. ಕೊನೆಗೆ ನಿಂತದ್ದು ಒಂದು ಸಾಲು: ‘ತೋರಿಸಬೇಕಾ?’ ಕಾಲಮ್ಮಿನಲ್ಲಿ ‘ತೋರಿಸಬೇಕು’ ಎಂಬುದು ಇದ್ದರೆ ಆ ಸಾಲನ್ನು ಇಟ್ಟುಕೋ, ಇಲ್ಲದಿದ್ದರೆ ಬಿಡು.

ಇದರಲ್ಲಿ ತಪ್ಪೇನಿದೆ, ಹೇಳಿ. ನನಗೂ ಕಾಣಲಿಲ್ಲ.

ಶೀಟಿನ ಯಜಮಾನರು ಆ ಕಾಲಮ್ಮಿನಲ್ಲಿ ಹೌದು, ಇಲ್ಲ ಎಂದು ಬರೆಯುವ ಪೈಕಿಯಲ್ಲ. ‘ತೋರಿಸಬೇಕು’ ಅಂತ ಇದ್ದ ಹಾಗೇ ‘ತೋರಿಸಬೇಕು ಅಂತೇನಿಲ್ಲ’ ಅಂತಲೂ ಇತ್ತು. ‘ತೋರಿಸಬೇಕು ಅಂತ ಅವರ ಆಸೆ, ನನಗಿಲ್ಲ’ ಅಂತಲೂ ಇತ್ತು. ‘ತೋರಿಸಬೇಕು ಅಂದ್ರೆ ಮೊದಲು ಬಾಕಿ ಕಟ್ಟಲಿ’ ಅಂತ ಒಂದು. ಇವೆಲ್ಲದರೊಳಗೂ ‘ತೋರಿಸಬೇಕು’ ಇದೆ. ಕೆಲವು ಭಾಷೆಗಳಲ್ಲಿ ಬೇಡ ಅನ್ನುವವರು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಾರೆ. ನಮ್ಮ ‘ಇಲ್ಲ’ ರೈಲಿನ ಗಾರ್ಡ್ ಡಬ್ಬಿಯಂತೆ ಕೊನೆಯಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಇಂಜಿನ್ನು ಮುಂದಿನ ಊರು ತಲುಪಿರುತ್ತದೆ. ನಾನು ಇಂಜಿನ್ನು ನೋಡಿ ಹಸಿರು ಬಾವುಟ ತೋರಿಸಿದ್ದೆ.

ಹಾಸನ ಜಿಲ್ಲೆಯ ಒಂದು ಕೇಂದ್ರ ಎರಡು ವರ್ಷದ ಹಿಂದೆಯೇ ಬೇಕರಿಯಾಗಿತ್ತಂತೆ. ಹಾಸನದವರು ಊರೂರಿಗೆ ಹೋಗಿ ಬೇಕರಿ ಇಟ್ಟಿದ್ದಾರೆ, ತಮ್ಮೂರಲ್ಲೂ ಇಟ್ಟರೆ ತಪ್ಪೇನು? ಆದರೆ ಒಬ್ಬ ಅಡಿಕೆ ವ್ಯಾಪಾರಿ ನಮ್ಮ ಪುಟ ನೋಡಿಕೊಂಡು, ಐವತ್ತು ಕಿಲೋ ತೂಗುವ ತಕ್ಕಡಿಯನ್ನು ಆಟೋದಲ್ಲಿ ಹೇರಿಕೊಂಡು ಅಲ್ಲಿಗೆ ಹೋಗಿದ್ದಾನೆ. ಬೇಕರಿಯವರು ಸಜ್ಜನರು. ಕೂರಿಸಿ, ಹನಿ ಕೇಕು ಕೊಟ್ಟು, “ನಮ್ ತಕ್ಕಡೀನೂ ಕೆಟ್ಟಿದೆ ಸ್ವಾಮಿ,” ಎಂದಿದ್ದಾರೆ. ಇಬ್ಬರೂ ಸೇರಿ ನನಗೆ ಫೋನ್ ಮಾಡಿದರು. ಒಬ್ಬರು ಬೈದು ಸುಸ್ತಾದಾಗ ಇನ್ನೊಬ್ಬರು ಫೋನ್ ತೆಗೆದುಕೊಳ್ಳುತ್ತಿದ್ದರು.

‘ಇದ್ದರೆ’ ಎಂಬುದನ್ನು ‘ಅಷ್ಟೇ ಇದ್ದರೆ’ ಎಂದು ತಿದ್ದಿದೆ. ಅದಾದ ಮೇಲೆ ‘ತೋರಿಸಬೇಕು’ ಪದದ ಹಿಂದೆ ಕಣ್ಣಿಗೆ ಕಾಣದ ಖಾಲಿ ಜಾಗ ಬಿಟ್ಟಿದ್ದ ಐವತ್ತು ಸಾಲುಗಳು ಮಾಯವಾದವು; ಆ ಖಾಲಿ ಜಾಗವನ್ನು ಕೆರೆದು ತೆಗೆದೆ. ಗ್ರಾಹಕರಿಗೆ ಬೇಕಾದ ಕಾಲಮ್ಮು ಮೊದಲ ಆರು ತಾನೇ ಎಂದು 1ರಿಂದ 6 ಎಂದು ಬರೆದೆ. ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಊರಿನ ಹೆಸರು ಹೋಗಿ, ಅದರ ಬದಲು ‘ತೋರಿಸಬೇಕಾ?’ ಕಾಲಮ್ಮು ಪುಟಕ್ಕೆ ಬಂದು, ರಾಜ್ಯದ ಸಮಸ್ತ ಕಿರಾಣಿ ಅಂಗಡಿಯವರಿಗೆ ‘ತೋರಿಸಬೇಕು, ತೋರಿಸಬೇಕು, ತೋರಿಸಬೇಕು’ ಎಂದು ಹಟ ಹಿಡಿದ ಮಗುವಿನ ಹಾಗೆ ಕೂಗಿತು. ಇದು ಒಂದು ಗಂಟೆ ಮಾತ್ರ ಇತ್ತು. ಆ ಒಂದು ಗಂಟೆಯಲ್ಲೇ ಮ್ಯಾನೇಜರು ನೋಡಿದರು.

ಅಂಕಿಗಳ ಕಥೆ ಬೇರೆ. ಮೈಸೂರಿನ ಎಸ್‌ಟಿಡಿ ಕೋಡು 0821. ಇದನ್ನು ಸಂಖ್ಯೆ ಎಂದುಕೊಂಡ ಶೀಟು, ಮುಂದಿನ ಸೊನ್ನೆಗೆ ಬೆಲೆಯಿಲ್ಲ ಎಂದು ಅದನ್ನು ಕಿತ್ತು ಹಾಕಿತು. ಅದೇ ಕಾಲಮ್ಮಿನಲ್ಲಿ ಕೆಲವು ಖಾನೆ ಖಾಲಿ ಇದ್ದವು. ಖಾಲಿ ಖಾನೆ ಕಂಡರೆ ಪಾಂಡಾಸ್ ಉಳಿದ ಪೂರ್ಣಾಂಕಗಳನ್ನೆಲ್ಲ ದಶಮಾಂಶ ಮಾಡಿಬಿಡುತ್ತದೆ. 0821 ಹೋಗಿ 821 ಆಗಿ, ಅದೂ ಹೋಗಿ 821.0 ಆಯಿತು. ಪಾಪ, ಒಬ್ಬರು ಫೋನ್ ಮಾಡಿ ಬಹಳ ವಿನಯದಿಂದ ಕೇಳಿದರು: “ಸಾರ್, ಪಾಯಿಂಟು ಎಲ್ಲಿ ಒತ್ತಬೇಕು? ನಮ್ ಫೋನಲ್ಲಿ ನಕ್ಷತ್ರ ಇದೆ, ಪಾಯಿಂಟ್ ಇಲ್ಲ.”

ಅಂಗಡಿ ನಂಬರ್ 5/12 ಎಂದಿದ್ದದ್ದು ‘05-ಡಿಸೆಂ’ ಆಗಿತ್ತು. ಪುಟ ನೋಡಿದವರು ಆ ಅಂಗಡಿ ವರ್ಷದಲ್ಲಿ ಒಂದೇ ದಿನ ತೆರೆಯುತ್ತದೆ, ಜಾತ್ರೆ ಇರಬೇಕು ಎಂದುಕೊಂಡರಂತೆ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ದೊಡ್ಡವರ ಸಹವಾಸವಿದೆ. ಮಾರ್ಚ್1, ಸೆಪ್ಟ್2 ಎಂಬಂಥ ಹೆಸರಿನ ಮಾನವ ಜೀನುಗಳನ್ನು ಎಕ್ಸೆಲ್ ತಾರೀಕು ಮಾಡಿ ಮಾಡಿ, ವಿಜ್ಞಾನಿಗಳು ಕೊನೆಗೆ ಸೋತು, 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಾಯಿಸಿಕೊಂಡರು. ನಮ್ಮ ಮೈಯೊಳಗಿನ ಜೀನೇ ಹೆಸರು ಬಿಟ್ಟುಕೊಟ್ಟ ಮೇಲೆ ಚಿತ್ರದುರ್ಗದ 5/12ನೇ ನಂಬರಿನ ಅಂಗಡಿ ಯಾವ ಲೆಕ್ಕ? ಮ್ಯಾನೇಜರಿಗೆ ಹೀಗೆ ಹೇಳಿದೆ. “ಅವರು ವಿಜ್ಞಾನಿಗಳು,” ಎಂದರು.

ಇಷ್ಟೆಲ್ಲ ಆದರೂ ಎದೆಗುಂದಲಿಲ್ಲ. ಎದೆಗುಂದಿದ್ದರೆ ಚೆನ್ನಾಗಿತ್ತು.

ಶೀಟಿನಲ್ಲಿ ಹೊಸೂರು, ಕಾಸರಗೋಡು, ಅನಂತಪುರದ ಕೆಲವು ಕೇಂದ್ರಗಳೂ ಇದ್ದವು. ಜಿಲ್ಲೆಯ ಕಾಲಮ್ಮಿನಲ್ಲಿ ಒಂದು ಕಡೆ ‘ಗಡಿ’ ಅಂತಲೇ ಬರೆದಿತ್ತು. ಪುಟ ಕರ್ನಾಟಕದ್ದು, ಆದ್ದರಿಂದ ನಮ್ಮ 31 ಜಿಲ್ಲೆಗಳ ಹೆಸರನ್ನು ನಾನೇ ಕೂತು ಟೈಪ್ ಮಾಡಿ, ‘ಜಿಲ್ಲೆ ಈ 31ರಲ್ಲಿ ಒಂದಾಗಿದ್ದರೆ ಮಾತ್ರ ಇಟ್ಟುಕೋ’ ಎಂದು ಇನ್ನೊಂದು ಜರಡಿ ಹಿಡಿದೆ. ಪುಟ ಸಿದ್ಧವಾಯಿತು. ಕಣ್ಣಾಡಿಸಿದೆ. ಉದ್ದಕ್ಕೂ ಚೆನ್ನಾಗಿ ಕಾಣುತ್ತಿತ್ತು. ಶುಕ್ರವಾರ ಸಂಜೆ ಪ್ರಕಟಿಸಿ ಮನೆಗೆ ಹೋದೆ. ಶುಕ್ರವಾರ ಸಂಜೆ ಏನನ್ನೂ ಪ್ರಕಟಿಸಬಾರದು ಎಂದು ನಮ್ಮ ಕಸುಬಿನ ಎಳೆಯರೂ ಬಲ್ಲರು.

ಶನಿವಾರ ಬೆಳಿಗ್ಗೆ ಮೊದಲ ಫೋನು ಮೈಸೂರಿನಿಂದ. ಅಪ್ಪಟ ಮೈಸೂರಿನ ಸೌಜನ್ಯ; ಬೈಗುಳಕ್ಕೂ ಬಹುವಚನ. “ತಾವು ಮಂಡ್ಯ ಹಾಕಿದ್ದೀರಿ. ಸಂತೋಷ. ಚಾಮರಾಜನಗರ ಹಾಕಿದ್ದೀರಿ. ಅದೂ ಸಂತೋಷ. ಮೈಸೂರು ಎಲ್ಲಿ ಹೋಯಿತು ಎಂದು ತಿಳಿಯಬಹುದೇ?” ನಗುತ್ತ ಪುಟ ತೆರೆದೆ. ಮೈಸೂರು ಇರಲಿಲ್ಲ. ಕೆಳಗೆ ಹೋದೆ. ಧಾರವಾಡ ಇದೆ, ಹಾವೇರಿ ಇಲ್ಲ. ಹಾಸನ ಇದೆ, ಕೊಡಗು ಇಲ್ಲ. ರಾಯಚೂರು ಇದೆ, ಕೊಪ್ಪಳ ಇಲ್ಲ. ಚಿಕ್ಕಬಳ್ಳಾಪುರ ಇದೆ, ಕೋಲಾರ ಇಲ್ಲ. ಕಲಬುರಗಿ ಇದೆ, ಬೀದರ್ ಇಲ್ಲ. ಚಿಕ್ಕಮಗಳೂರು ಇದೆ, ಶಿವಮೊಗ್ಗ ಇಲ್ಲ. ವಿಜಯಪುರ ಇದೆ, ಬಾಗಲಕೋಟೆ ಇಲ್ಲ. ಬ್ರಿಟಿಷರಾಗಲಿ, ಪೇಶ್ವೆಗಳಾಗಲಿ, ನಿಜಾಮರಾಗಲಿ ಯಾರೂ ಈ ರೀತಿ ಕರ್ನಾಟಕವನ್ನು ಒಡೆದಿರಲಿಲ್ಲ. 1956ರಲ್ಲಿ ಒಂದಾದ ನಾಡಿನಿಂದ ಒಂದು ಶುಕ್ರವಾರ ಸಂಜೆ ಎಂಟು ಜಿಲ್ಲೆ ಹೋಗಿದ್ದವು, ಮತ್ತು ಅದನ್ನು ಮಾಡಿದವನು ಆ ಹೊತ್ತಿಗೆ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ.

ಹತ್ತೂವರೆಗೆ ಮ್ಯಾನೇಜರ ಫೋನು. ಸಮಾಧಾನ ಹೇಳುವ ಹುಕಿಯಲ್ಲಿ ನಾನು, “ಸಾರ್, 2020ರಲ್ಲಿ ಇಂಗ್ಲೆಂಡಿನಲ್ಲಿ ಹೀಗೇ ಆಗಿ 15,841 ಕೋವಿಡ್ ಪ್ರಕರಣ ಲೆಕ್ಕದಿಂದ ಬಿಟ್ಟುಹೋಗಿದ್ದವು. ಹಳೇ ಮಾದರಿಯ ಎಕ್ಸೆಲ್ ಹಾಳೆಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲವಂತೆ. ನಮ್ಮದು ಬರೀ ಎಂಟು ಜಿಲ್ಲೆ,” ಅಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಗಿರಬೇಕು ಎಂದುಕೊಂಡೆ. ಹೋಗಿರಲಿಲ್ಲ.

ಎಂಟೇ ಯಾಕೆ? ಅವೇ ಯಾಕೆ? ಒಂದು ಕಾಗದದಲ್ಲಿ ಎಂಟನ್ನೂ ಬರೆದುಕೊಂಡು ಪತ್ತೇದಾರನ ಹಾಗೆ ಕೂತೆ. ಹೊಸ ಜಿಲ್ಲೆಗಳು ಇರಬಹುದೇ? ಹಾವೇರಿ, ಕೊಪ್ಪಳ, ಬಾಗಲಕೋಟೆ ಮೂರೂ 1997ರಲ್ಲಿ ಆದವು. ಸಿಕ್ಕಿತು ಎಂದು ಕುಣಿದೆ. ಆದರೆ ಗದಗವೂ ಅದೇ ವರ್ಷ ಆದದ್ದು, ಅದು ಪುಟದಲ್ಲಿ ಗಟ್ಟಿಯಾಗಿ ಕೂತಿದೆ. ಮೈಸೂರನ್ನು ಹೊಸದು ಎಂದರೆ ದಸರಾ ಆನೆಯೂ ನಗುತ್ತದೆ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾಯಿತಲ್ಲ, ಅದರ ಗಲಾಟೆಯೇ? ಬೀದರಿನ ಹೆಸರು ಬದಲಾಗಲೇ ಇಲ್ಲ. ಕಾಫಿ ಬೆಳೆಯುವ ಕಡೆಯೇ? ಕೋಲಾರದಲ್ಲಿ ಕಾಫಿ? ಮಳೆ? ರಾಜಕೀಯ? ಒಂದು ಘಳಿಗೆ ವಾಸ್ತುವಿನ ತನಕ ಹೋಗಿ ಬಂದೆ.

ಕೊನೆಗೆ ‘ಕೋಲಾರ’ ಎಂಬುದನ್ನು ಶೀಟಿನಿಂದ ನಕಲು ಮಾಡಿ, ನಾನು ಟೈಪ್ ಮಾಡಿದ ‘ಕೋಲಾರ’ದ ಪಕ್ಕ ಇಟ್ಟು, ಎರಡೂ ಒಂದೇನಾ ಎಂದು ಪೈಥಾನನ್ನು ಕೇಳಿದೆ. ಅಲ್ಲ ಅಂದಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮತ್ತೆ ಕೇಳಿದೆ. ಅಲ್ಲ. ಎಷ್ಟು ಅಕ್ಷರ ಎಂದು ಎಣಿಸು ಅಂದೆ. ನನ್ನ ಕೋಲಾರಕ್ಕೆ 5 ಎಂದಿತು, ಶೀಟಿನ ಕೋಲಾರಕ್ಕೆ 7. ಕೋಲಾರಕ್ಕೆ ಏಳು ಅಕ್ಷರ! ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿ ಹೊಸದಾಗಿ ಏನು ಸಿಕ್ಕಿತು ಎಂದು ಗೊತ್ತಾಗದೆ ತಲೆ ಕೆರೆದುಕೊಂಡೆ.

ಆ ಹೊತ್ತಿಗೆ ಅಮ್ಮ ಬಂದು ನನ್ನ ಕಾಗದ ಎತ್ತಿಕೊಂಡಳು. ಬೀದರ್, ಮೈಸೂರು, ಹಾವೇರಿ, ಕೊಡಗು, ಕೊಪ್ಪಳ, ಶಿವಮೊಗ್ಗ, ಕೋಲಾರ, ಬಾಗಲಕೋಟೆ. ತುಟಿ ಅಲ್ಲಾಡಿಸುತ್ತ ಓದಿದಳು. ಇನ್ನೊಂದು ಕಾಗದದಲ್ಲಿ ಉಳಿದ ಇಪ್ಪತ್ತಮೂರು ಇದ್ದವು, ಅದನ್ನೂ ಓದಿದಳು. ಆಮೇಲೆ ಪೆನ್ನು ಕೇಳಿ, ಎಂಟು ಹೆಸರುಗಳಲ್ಲೂ ಒಂದೊಂದು ಅಕ್ಷರಕ್ಕೆ ಸೊನ್ನೆ ಸುತ್ತಿದಳು. ಬೀ. ಮೈ. ವೇ. ಕೊ. ಕೊ. ಮೊ. ಕೋ. ಕೋ.

“ಇದೆಲ್ಲ ಕೈ ಎತ್ತಿ ಬರೆಯೋ ಗುಣಿತ ಕಣೋ,” ಅಂದಳು. “ಮಕ್ಕಳಿಗೆ ಸ್ಲೇಟಲ್ಲಿ ಕಲಿಸುವಾಗ ಇವೇ ತೊಂದ್ರೆ ಕೊಡೋದು. ಮಿಕ್ಕಿದ್ದು ಒಂದೇ ತುಂಡು. ಇವು ಎರಡು ತುಂಡು, ಮೂರು ತುಂಡು. ‘ಬಿ’ ಬರೆದು ಪಕ್ಕದಲ್ಲಿ ಇನ್ನೊಂದು ದೀರ್ಘ ಹಾಕ್ಬೇಕು. ‘ಕೋ’ಗೆ ಎತ್ವ ಹಾಕಿ, ಕೊಂಬು ಎಳೆದು, ದೀರ್ಘ ಬೇರೆ. ಅರ್ಧ ಮಕ್ಕಳು ದೀರ್ಘ ಮರೀತಿದ್ರು.”

ಸಂಗತಿ ಇಷ್ಟೇ. 1991ರಲ್ಲಿ ಯೂನಿಕೋಡ್ ಶುರುವಾದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತು. ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೆ ಒಂದೊಂದು ಸಂಖ್ಯೆ. ‘ಕ’ 3221, ಓತ್ವ 3275. ನಾನು ಕೀಲಿಮಣೆಯಲ್ಲಿ ‘ಕೋ’ ಒತ್ತಿದರೆ ಈ ಎರಡು ಸಂಖ್ಯೆ ಕೂರುತ್ತವೆ. ಆದರೆ ಅದೇ ಓತ್ವವನ್ನು ತುಂಡು ಮಾಡಿ ಎತ್ವ 3270, ಕೊಂಬಿನ ದೀರ್ಘ 3266, ಪಕ್ಕದ ದೀರ್ಘ 3285 ಎಂದು ಮೂರಾಗಿಯೂ ಇಡಬಹುದು. ಎರಡೂ ಒಂದೇ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸಿ ನೋಡು ಎಂದರೆ ಮಾತ್ರ ಕಂಪ್ಯೂಟರು ಮುಖ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ನಮ್ಮ ಶೀಟಿನ ಊರು ಮತ್ತು ಜಿಲ್ಲೆ ಕಾಲಮ್ಮುಗಳು ಯಾವುದೋ ಕಾಲದ ಫಾಂಟಿನಲ್ಲಿದ್ದು, ಯಾವುದೋ ಪರಿವರ್ತಕದ ಬಾಯಿಂದ ಹೊರಬಂದವು. ಅದು ಗುಣಿತಗಳನ್ನು ತುಂಡು ತುಂಡಾಗಿಯೇ ಉಗುಳಿತ್ತು. ಉಳಿದ ಕಾಲಮ್ಮುಗಳನ್ನು ಯಜಮಾನರು ಈಚೆಗೆ ಟೈಪ್ ಮಾಡಿದ್ದು, ಹಾಗಾಗಿ ‘ತೋರಿಸಬೇಕು’ ಎಂಬುದರಲ್ಲಿ ಓತ್ವ ಏತ್ವ ಎರಡೂ ಇದ್ದರೂ ಅದು ನನಗೆ ಬೇರೆ ರೀತಿಯಲ್ಲಿ ಮಾತ್ರ ಕೈಕೊಟ್ಟಿತ್ತು.

ಪರಿಹಾರ ಒಂದೇ ಸಾಲು. ಹೋಲಿಸುವ ಮೊದಲು ಎರಡು ಕಡೆಯನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಕೆಲಸ ಪೈಥಾನಿನಲ್ಲೇ ಇದೆ. ಹಾಕಿದೆ. ಎಂಟು ಜಿಲ್ಲೆಗಳೂ ಸದ್ದಿಲ್ಲದೆ ಬಂದು ಕೂತವು. ಮೈಸೂರಿನವರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. “ಬಹಳ ಸಂತೋಷ. ಆದರೆ ಕೋಡು ಇನ್ನೂ 821.0 ಎಂದೇ ಇದೆ,” ಎಂದರು.

ಮೂರನೇ ತರಗತಿಯಲ್ಲಿ ‘ಕೋತಿ’ಯ ದೀರ್ಘ ಬಿಟ್ಟು ಬರೆದಿದ್ದಕ್ಕೆ ಇದೇ ಅಮ್ಮನ ಕೈಯಲ್ಲಿ ಬೆತ್ತದ ಏಟು ತಿಂದಿದ್ದೆ. ಅದನ್ನು ಅವಳು ಈ ಸಂದರ್ಭದಲ್ಲಿ ನೆನಪಿಸಲಿಲ್ಲ. ಹೆಂಡತಿಗೆ ಹೇಳಿದಳು, ಅವಳು ನೆನಪಿಸಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಾಧನೆಯ ಕಥೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಮಾರಾಟದ ಹುಡುಗರು ಬಂದು, ಶೀಟು ತೆರೆಯಲು ಬೇಸರ, ಪುಟದಲ್ಲೇ ಟಿಪ್ಪಣಿಯೂ ಕಾಣುವ ಹಾಗೆ ಮಾಡಿ, ಗ್ರಾಹಕರಿಗೆ ಕಾಣಬಾರದು ಅಷ್ಟೇ ಎಂದರು. ನನ್ನ ಜಾಣತನ ಆ ವಾರ ಉಕ್ಕಿ ಹರಿಯುತ್ತಿತ್ತು. ಟಿಪ್ಪಣಿ ಕಾಲಮ್ಮನ್ನು ಪುಟಕ್ಕೆ ತಂದು, ಅಲಂಕಾರದ ಫೈಲಿನಲ್ಲಿ ‘ಇದನ್ನು ತೋರಿಸಬೇಡ’ ಎಂದು ಒಂದು ಸಾಲು ಬರೆದೆ. ಮೂಲೆಯಲ್ಲಿ ಒಂದು ಗುಟ್ಟಿನ ಗುಂಡಿ. ಒತ್ತಿದರೆ ಕಾಲಮ್ಮು ಕಾಣುತ್ತದೆ, ಗೊತ್ತಿಲ್ಲದವರಿಗೆ ಏನೂ ಇಲ್ಲ. ಕಸವನ್ನು ಗುಡಿಸಿ ಚಾಪೆಯ ಕೆಳಗೆ ತಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ ಎಂಬುದು ಆಗ ತೋಚಲಿಲ್ಲ.

ಸಹಾಯ ಪುಟಗಳ ಮೇಲ್ಗಡೆ ಒಂದು ಹುಡುಕು ಪೆಟ್ಟಿಗೆ ಇರುತ್ತದೆ. ಪುಟಗಳು ತಯಾರಾಗುವಾಗಲೇ ಅವುಗಳಲ್ಲಿರುವ ಪದಗಳನ್ನೆಲ್ಲ ಅದು ಹೆಕ್ಕಿ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೆ ಚಾಪೆ, ಪರದೆ, ಅಲಂಕಾರ ಯಾವುದೂ ಲೆಕ್ಕಕ್ಕಿಲ್ಲ. ಒಂದು ತಾಲ್ಲೂಕು ಕೇಂದ್ರದ ರಿಪೇರಿಯವರು ಒಂದು ಬೆಳಿಗ್ಗೆ ತಮ್ಮ ಅಂಗಡಿಯ ಹೆಸರನ್ನು ಆ ಪೆಟ್ಟಿಗೆಯಲ್ಲಿ ಬರೆದು ನೋಡಿದ್ದಾರೆ. ನಾವೂ ನೀವೂ ನಮ್ಮ ಹೆಸರು ಹುಡುಕಿ ನೋಡುವುದಿಲ್ಲವೇ, ಹಾಗೆ. ಫಲಿತಾಂಶದಲ್ಲಿ ಅಚ್ಚುಕಟ್ಟಾಗಿ ಬಂದಿದೆ: ‘ಕೆಲಸಗಾರ ಒಳ್ಳೆಯವನು. ಬಾಯಿ ಸರಿಯಿಲ್ಲ. ಬೆಳಿಗ್ಗೆ ಹತ್ತಕ್ಕೆ ಮೊದಲು ಫೋನ್ ಮಾಡಬೇಡಿ, ಬೈತಾನೆ.’

ನನಗೆ ಅವರ ಫೋನು ಬಂದದ್ದು ಒಂಬತ್ತು ಹತ್ತಕ್ಕೆ.

“ಇದನ್ನ ಬರೆದೋರು ಯಾರು?”

ಬರೆದವರು ಬೇರೆ, ಪ್ರಕಟಿಸಿದವನು ನಾನು ಎಂದು ಹೇಳಲು ಬಾಯಿ ತೆರೆದೆ. ಎರಡನೆಯದೇ ದೊಡ್ಡ ಅಪರಾಧ ಎಂದು ಹೊಳೆದು ಮುಚ್ಚಿದೆ. ಕ್ಷಮಿಸಿ, ಈಗಲೇ ತೆಗೆಯುತ್ತೇನೆ ಅಂದೆ.

“ಯಾಕ್ ತೆಗೀತೀರಿ?” ಅಂದರು. “ಹದಿನೈದು ದಿನದಿಂದ ಬೆಳಿಗ್ಗೆ ಹತ್ತಕ್ಕೆ ಮುಂಚೆ ಒಂದು ಫೋನೂ ಬಂದಿಲ್ಲ. ಆರಾಮಾಗಿ ಪೇಪರ್ ಓದ್ತಿದೀನಿ. ಯಾಕೆ ಅಂತ ಇವತ್ತು ಗೊತ್ತಾಯ್ತು. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೂ ಮಾಡಬಾರದು ಅಂತ ಸೇರಿಸಿಬಿಡಿ.” ಒಂದು ಕ್ಷಣ ಬಿಟ್ಟು, “ಬಾಯಿ ಸರಿಯಿಲ್ಲ ಅನ್ನೋದು ಬೇಕಿದ್ರೆ ತೆಗೀರಿ. ಮನೇವ್ರು ನೋಡಿದ್ರು,” ಎಂದರು.

ಅವರು ಒಬ್ಬರು ಹೀಗಂದರು. ‘ತಮ್ಮನ ಹತ್ರ ಮಾತಾಡಬೇಡಿ’ ಎಂಬುದನ್ನು ಆ ತಮ್ಮ ಓದಿದಾಗ ಏನಂದ ಎಂಬುದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ಈಗ ಅಮ್ಮ ಹೇಳಿದ ಕ್ರಮದಲ್ಲೇ ನಡೆಯುತ್ತದೆ. ಮೊದಲು ಶೀಟಿನೊಳಗೆ ಏನಿದೆ ನೋಡುವುದು. ಸಂಖ್ಯೆಯಂತೆ ಕಾಣುವುದನ್ನೆಲ್ಲ ಅಕ್ಷರವೆಂದೇ ಓದುವುದು. ಗುಣಿತ ಕೂಡಿಸಿ, ಖಾಲಿ ಜಾಗ ಕೆರೆದು, ಆಮೇಲೆ ಸಾಲು ಆರಿಸಿ, ಕಾಲಮ್ಮು ಆರಿಸಿ, ಉಳಿದಷ್ಟನ್ನು ಮಾತ್ರ ಬೇರೊಂದು ಸಣ್ಣ ಫೈಲಿಗೆ ಹಾಕುವುದು. ಪುಟ ತಯಾರಿಸುವ ಸ್ಫಿಂಕ್ಸಿಗೆ ಕಾಣುವುದು ಆ ಸಣ್ಣ ಫೈಲು ಮಾತ್ರ. ಟಿಪ್ಪಣಿ ಕಾಲಮ್ಮು ಆ ಕಡೆ ತಲೆ ಹಾಕುವುದೇ ಇಲ್ಲ. 31 ಜಿಲ್ಲೆಗಳಲ್ಲಿ ಒಂದು ಕಾಣದಿದ್ದರೂ ಪುಟ ತಯಾರಾಗದೆ ನಿಂತು, ಯಾವುದು ಕಾಣೆ ಎಂದು ಹೆಸರು ಹಿಡಿದು ಕೂಗುತ್ತದೆ. ಮೊನ್ನೆ ‘ಯಾದಗಿರಿ’ ಎಂದು ಕೂಗಿತು. ಅಲ್ಲಿದ್ದ ಒಬ್ಬನೇ ರಿಪೇರಿಯವನು ಮದುವೆಗೆ ಹೋಗಿದ್ದನಂತೆ. ಯಜಮಾನರು ಸಿಟ್ಟಿನಲ್ಲಿ ಸಾಲನ್ನೇ ಅಳಿಸಿದ್ದರು.

ಯಾವ ಸಾಲು ಉಳಿಯಿತು, ಯಾವುದು ಬಿತ್ತು ಎಂದು ವಾರಕ್ಕೊಮ್ಮೆ ಕಣ್ಣಾರೆ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹಾಗೆ ನೋಡುವಾಗ ಕಳೆದ ವಾರ, ಉದುರಿದ ಸಾಲುಗಳ ಪಟ್ಟಿಯ ತಳದಲ್ಲಿ ಹೊಸದೊಂದು ಸಿಕ್ಕಿತು. ಜಿಲ್ಲೆ: ಬೆಂಗಳೂರು ನಗರ. ಕೇಂದ್ರ: ಡಾಕ್ಯುಮೆಂಟೇಶನ್ ವಿಭಾಗ, ನಮ್ಮ ಆಫೀಸು, ಎರಡನೇ ಮಹಡಿ, ಕಿಟಕಿ ಪಕ್ಕ. ನನಗೆ ನಲವತ್ತಾರು ವರ್ಷ. ಟಿಪ್ಪಣಿಯಲ್ಲಿ ಯಜಮಾನರು ಬರೆದಿದ್ದರು: ‘ಹುಡುಗ ಒಳ್ಳೆಯವನು. ಎರಡು ಸಲ ಹೇಳಬೇಕು. ತಾಯಿಯವರ ಹತ್ರ ಮಾತಾಡಿದ್ರೆ ಕೆಲಸ ಬೇಗ ಆಗುತ್ತೆ.’

ಅದರ ಹಿಂದಿನ ಖಾನೆಯಲ್ಲಿ: ‘ತೋರಿಸಬೇಕು ಅಂತೇನಿಲ್ಲ.’